ನನ್ನದಲ್ಲದ ದೇವದಾರು

ಭಾವನಿಗೆ ಅರವತ್ತು ತುಂಬಿದ ಶಾಂತಿ ಚಾಮರಾಜಪೇಟೆಯ ಒಂದು ಛತ್ರದಲ್ಲಿ ನಡೆಯಿತು. ಭಾವ ಎಂದರೆ ನನ್ನ ಅಕ್ಕನ ಗಂಡ. ಹೋಮ, ಕಲಶಸ್ನಾನ, ಅಕ್ಕನಿಗೆ ಮತ್ತೊಮ್ಮೆ ತಾಳಿ ಕಟ್ಟುವ ಶಾಸ್ತ್ರ ಎಲ್ಲ ಮುಗಿದ ಮೇಲೆ ಭಾವ ಒಳಗೆ ಹೋಗಿ ರೇಷ್ಮೆ ಜುಬ್ಬ ತೊಟ್ಟು ಬಂದು ಅಕ್ಕನ ಪಕ್ಕ ಕುಳಿತರು. ಕಿರಿಯರು ಜೋಡಿಯಾಗಿ ಬಂದು ನಮಸ್ಕಾರ ಮಾಡಿ, ತಲೆಯ ಮೇಲೆ ಅಕ್ಷತೆ ಹಾಕಿಸಿಕೊಂಡು ಸರಿಯಬೇಕು. ನಮ್ಮ ಸರದಿ ಬಂದಾಗ ನಾನೂ ನನ್ನ ಹೆಂಡತಿಯೂ ಬಗ್ಗಿದೆವು. ನಾನು ಎದ್ದೆ. ಅವಳು ಏಳಲು ಸ್ವಲ್ಪ ತಡಮಾಡಿದಳು.

ತಡಮಾಡಿದಳೋ, ಆಮೇಲೆ ನಡೆದುದನ್ನು ತಿಳಿದು ನಾನು ಹಾಗೆ ನೆನೆಸಿಕೊಳ್ಳುತ್ತಿದ್ದೇನೋ, ಖಾತ್ರಿಯಿಲ್ಲ. ಓದಿದ್ದು ಮನಶ್ಶಾಸ್ತ್ರ, ಈಗ ಕಲಿಸುತ್ತಿರುವುದೂ ಅದನ್ನೇ. ನೆನಪು ಡಬ್ಬಿಯಲ್ಲಿ ಮುಚ್ಚಿಟ್ಟ ಪದಾರ್ಥವಲ್ಲ, ಪ್ರತಿ ಸಲ ಹೊಸದಾಗಿ ಮಾಡುವ ಅಡುಗೆ ಎಂದು ವರ್ಷವರ್ಷವೂ ಹುಡುಗರಿಗೆ ಹೇಳುತ್ತೇನೆ. ಹೀಗೆ ಹೇಳುವವನು ತನ್ನ ನೆನಪನ್ನು ನಂಬುವುದು ಕಷ್ಟ.

ಊಟಕ್ಕೆ ಕೂತಾಗ ಅವಳು ಎಲೆಗೆ ನೀರು ಚಿಮುಕಿಸುತ್ತಾ ಹೇಳಿದಳು: "ಅಣ್ಣ ಸೆಂಟು ಹಾಕ್ಕೊಂಡಿದಾರಲ್ಲ, ಒಳ್ಳೆ ಮರದ ವಾಸನೆ. ನೀವು ನನ್ನ ನೋಡೋಕೆ ಬಂದ ದಿನ ಹಾಕ್ಕೊಂಡು ಬಂದಿದ್ರಲ್ಲ, ಅದೇ."

ನನ್ನ ಭಾವನನ್ನು ಅವಳು ಅಣ್ಣ ಎಂದೇ ಕರೆಯುವುದು.

"ನಾನಾ? ನಾನು ಆಗ ಸೆಂಟೇ ಹಾಕ್ತಿರ್ಲಿಲ್ಲ."

"ಹಾಕಿದ್ರಿ ರೀ. ಅದಕ್ಕೇ ತಾನೆ ನಾನು ಒಪ್ಪಿದ್ದು? ಅದಕ್ಕೆ ಮುಂಚೆ ಬಂದೋನು ತಲೆಗೆ ಎಣ್ಣೆ ಸುರ್ಕೊಂಡು ಬಂದಿದ್ದ. ಅವನಿಗೂ ಮುಂಚಿನೋನು ಸಿಗರೇಟು ಸೇದಿ ಏಲಕ್ಕಿ ಅಗೀತಿದ್ದ. ನೀವು ಬಾಗಿಲು ದಾಟಿದ ತಕ್ಷಣ ಮನೆಯೆಲ್ಲ ಒಂಥರಾ ತಂಪಾಯ್ತು. ಒಳಗೆ ಹೋಗಿ ಅಮ್ಮಂಗೆ ಹೂಂ ಅಂದೆ."

ಮದುವೆಯಾಗಿ ಇಪ್ಪತ್ತು ವರ್ಷ ದಾಟಿದೆ. ಇದನ್ನು ಅವಳು ಹಿಂದೆಂದೂ ಹೇಳಿರಲಿಲ್ಲ. ಕೋಸಂಬರಿ ಬಂತು, ಪಲ್ಯ ಬಂತು, ನನಗೆ ಯಾವುದರ ರುಚಿಯೂ ಹತ್ತಲಿಲ್ಲ. ಅವಳು ನನ್ನನ್ನು ಒಪ್ಪಿದ್ದು ನನ್ನ ಮಾತು ಕೇಳಿ ಎಂದು ನಾನು ತಿಳಿದಿದ್ದೆ. ಅಂದು ಅವಳ ತಂದೆಯೊಂದಿಗೆ ಜ್ಯೋತಿಷ್ಯದ ಬಗ್ಗೆ ವಾದ ಮಾಡಿ ಗೆದ್ದಿದ್ದೆ. ಕನಿಷ್ಠ ನನಗೆ ಹಾಗೆ ನೆನಪು.

ಮೊದಲು ಹೊಟ್ಟೆ ಉರಿದದ್ದು ಯಾರೋ ಗೊತ್ತಿಲ್ಲದವನ ಮೇಲೆ. ಒಬ್ಬರಲ್ಲಿ ಕಂಡದ್ದನ್ನು ಇನ್ನೊಬ್ಬರ ಲೆಕ್ಕಕ್ಕೆ ಸೇರಿಸುವುದು ನೆನಪಿನ ತೀರಾ ಮಾಮೂಲಿ ತಪ್ಪು, ಪಾಠದಲ್ಲೇ ಇದೆ. ಅವಳನ್ನು ನೋಡಲು ಬಂದ ಮೂರನೆಯವನೊಬ್ಬ ಇದ್ದಿರಬೇಕು, ಒಳ್ಳೆಯ ಸೆಂಟು ಹಾಕಿಕೊಂಡವನು. ಅವನೇ ಬೇಡ ಎಂದಿರಬೇಕು. ಅವನ ವಾಸನೆಯನ್ನು ಇವಳು ನನಗೆ ಅಂಟಿಸಿ ಇಷ್ಟು ವರ್ಷ ಸಂಸಾರ ಮಾಡಿದ್ದಾಳೆ. ಹೀಗೆ ಯೋಚಿಸುತ್ತಾ ಒಂದು ವಾರ ಬೆಳಿಗ್ಗೆ ಪಾರ್ಕಿನಲ್ಲಿ ಸುತ್ತಿದೆ, ಸುತ್ತು ಹೆಚ್ಚಾದಷ್ಟೂ ಅವನು ಎತ್ತರವಾದ.

ಸೆಂಟಿನ ಹೆಸರನ್ನು ಭಾವನನ್ನೇ ಕೇಳಬಹುದಿತ್ತು. ಆದರೆ ಅವರನ್ನು ಏನನ್ನಾದರೂ ಕೇಳುವುದು ನನಗೆ ಮೊದಲಿಂದಲೂ ಆಗದ ಕೆಲಸ. ಅವರು ಕೈ ಎತ್ತಿದರೆ ಆಟೋ ನಿಲ್ಲುತ್ತದೆ, ನಾನು ಎತ್ತಿದರೆ ಎಲ್ಲಿಗೆ ಎಂದು ಕೇಳಿಕೊಂಡು ಹೋಗುತ್ತದೆ. ಅವರು ಆರಿಸಿದ ಹಲಸಿನ ಹಣ್ಣು ಸಿಹಿ. ನಮ್ಮ ಅಮ್ಮ ಇದ್ದಾಗ ಅವರ ಎಲೆಗೆ ತುಪ್ಪ ಬಡಿಸುವ ಕೈ ಬೇರೆ, ನನ್ನ ಎಲೆಗೆ ಬಡಿಸುವ ಕೈ ಬೇರೆ.

ಆದ್ದರಿಂದ ಮಲ್ಲೇಶ್ವರಂನ ಅಕ್ಕನ ಮನೆಗೆ ಸುಮ್ಮನೆ ಹೋದವನಂತೆ ಹೋಗಿ, ಕೈ ತೊಳೆಯುವ ನೆಪದಲ್ಲಿ ಬಚ್ಚಲಮನೆಗೆ ಹೊಕ್ಕೆ. ಕನ್ನಡಿಯ ಕೆಳಗೆ ಷೇವಿಂಗ್ ಬ್ರಷ್ಷಿನ ಪಕ್ಕ ಬಾಟಲಿ ಇತ್ತು. ಮುಚ್ಚಳ ತೆಗೆದು ಮೂಸಿದೆ, ಫೋನಿನಲ್ಲಿ ಫೋಟೋ ತೆಗೆದುಕೊಂಡೆ.

"ಏನೋ ಮಾಡ್ತಿದೀಯ ಅಷ್ಟೊತ್ತಿಂದ? ಕಾಫಿ ಆರ್ತಿದೆ!" ಎಂದು ಅಕ್ಕ ಕೂಗಿದಳು.

ಸಂಪಿಗೆ ರಸ್ತೆಯ ಅಂಗಡಿಯಲ್ಲಿ ಫೋಟೋ ತೋರಿಸಿದಾಗ ಅಲ್ಲಿನ ಹುಡುಗಿ, "ಸೀಡರ್‌ವುಡ್ ಸರ್. ನಿಮ್ಮಂಥ ಮೆಚ್ಯೂರ್ ಜೆಂಟ್ಸ್‌ಗೆ ಸಖತ್ ಸೂಟ್ ಆಗತ್ತೆ" ಎಂದಳು. ಸೀಡರ್ ಎಂದರೆ ದೇವದಾರು. ಆ ಮರವನ್ನು ನಾನು ಹತ್ತಿರದಿಂದ ನೋಡಿಲ್ಲ, ಆದ್ದರಿಂದ ಬಾಟಲಿಯಲ್ಲಿರುವುದು ಎಷ್ಟು ನಿಜ ಎಂದು ಹೇಳಲಾರೆ. ಮೂಗು ಹೇಳಿದ್ದನ್ನಷ್ಟೇ ಹೇಳುತ್ತೇನೆ. ಒಂದು ಬಾಟಲಿ ಕೊಂಡೆ. ಜೊತೆಗೆ ಹುಡುಗಿ ಕೊಟ್ಟ ಕಾಗದದ ಪಟ್ಟಿಗೆ ಹಾಕಿದ ಕೂಡಲೇ ನಿಂಬೆ ಸಿಪ್ಪೆ ಮತ್ತು ಕರಿಮೆಣಸು. ಮೂಗಿನ ತುದಿ ಚುರುಕ್ಕೆನ್ನುತ್ತದೆ. ಅದು ಬೇಗ ಹೋಗುತ್ತದೆ. ಆಮೇಲೆ ಆಗತಾನೆ ಚೂಪು ಮಾಡಿದ ಪೆನ್ಸಿಲ್, ಅದರ ಹಿಂದೆ ಬಡಗಿಯ ತೋಪಡದಿಂದ ಸುರುಳಿಯಾಗಿ ಬೀಳುವ ಹೊಟ್ಟು. ಮಧ್ಯಾಹ್ನದ ಹೊತ್ತಿಗೆ ಇದೂ ಒಣಗಿ, ಬಹಳ ದಿನ ಮುಚ್ಚಿದ್ದ ಮರದ ಡ್ರಾಯರನ್ನು ಎಳೆದಂತೆ ಒಂದು ತಣ್ಣನೆಯ ವಾಸನೆ, ಒಂದೆಳೆ ಹೊಗೆ. ಒಳ್ಳೆಯ ಸೆಂಟೇ. ಸಿಹಿಯಿಲ್ಲ, ಹೂವಿಲ್ಲ, ಮೈಮೇಲೆ ಬೀಳುವುದಿಲ್ಲ. ಹತ್ತಿರ ಬಂದವರಿಗೆ ಮಾತ್ರ ಸಿಗುತ್ತದೆ. ಭಾವನಿಗೆ ತಕ್ಕದ್ದು ಎಂದು ಒಪ್ಪಿಕೊಳ್ಳಬೇಕಾದ್ದರಿಂದ ಸಿಟ್ಟೂ ಬಂತು.

ಯಾಕೆಂದರೆ ನನ್ನ ಮೈಮೇಲೆ ಅದು ಪೆನ್ಸಿಲಿನ ಹಂತ ದಾಟುತ್ತಲೇ ಇರಲಿಲ್ಲ. ನನ್ನ ಬೆವರು ಬೇರೆ ಥರದ್ದಿರಬೇಕು. ಮೊದಲ ದಿನ ಹೆಂಡತಿಯ ಸುತ್ತಮುತ್ತ ಬೇಕೆಂದೇ ಓಡಾಡಿದೆ. ಅವಳು ಕಿಟಕಿ ತೆರೆದಳು.

"ಪಕ್ಕದ ಮನೇಲಿ ಬಡಗಿ ಕೆಲಸ ಶುರುವಾಯ್ತಾ?"

"ಅಣ್ಣನ ಸೆಂಟು ಕಣೇ ಇದು. ಅದೇ ಬಾಟ್ಲು."

ಹತ್ತಿರ ಬಂದು ಕತ್ತಿನ ಬಳಿ ಮೂಸಿ, "ಇದು ಅದಲ್ಲ" ಎಂದು ಒಗ್ಗರಣೆಗೆ ಹೋದಳು.

ಅದಲ್ಲವಂತೆ. ನಾನು ಸುಮ್ಮನಿರುವವನಲ್ಲ. ಒಂದೇ ಥರದ ಮೂರು ಕರ್ಚೀಫು ತೆಗೆದುಕೊಂಡೆ. ಒಂದಕ್ಕೆ ಏನೂ ಹಾಕಲಿಲ್ಲ. ಒಂದಕ್ಕೆ ಆಗತಾನೆ ಹೊಡೆದೆ. ಇನ್ನೊಂದಕ್ಕೆ ಹಿಂದಿನ ದಿನವೇ ಹೊಡೆದು ಗಾಳಿಗೆ ನೇತುಹಾಕಿದ್ದೆ. ಯಾವುದು ಯಾವುದೆಂದು ಹೇಳದೆ ಅವಳ ಮುಂದಿಟ್ಟೆ.

"ನಾನೇನು ನಿಮ್ಮ ಸ್ಟೂಡೆಂಟಾ?" ಎಂದು ಬೈದಳು, ಆದರೂ ಮೂಸಿದಳು. ಆಗತಾನೆ ಹೊಡೆದದ್ದಕ್ಕೆ ಮುಖ ಕಿವುಚಿ "ಬಡಗಿ" ಎಂದಳು. ಹಿಂದಿನ ದಿನದ್ದನ್ನು ಮೂಗಿಗೆ ಹಿಡಿದವಳು ಕೆಳಗಿಡಲಿಲ್ಲ. ಕಣ್ಣು ಮುಚ್ಚಿದಳು.

"ಇದು. ಇದೇ ರೀ."

ಆ ಮುಖವನ್ನು ನಾನು ಎಷ್ಟೋ ವರ್ಷದಿಂದ ಕಂಡಿರಲಿಲ್ಲ. ಒಂದು ಕರ್ಚೀಫನ್ನು ಕಂಡು ಮತ್ಸರಪಡುವ ಸ್ಥಿತಿಗೆ ಬಂದೆ.

ಆದರೆ ಲೆಕ್ಕ ಒಂದು ದಾರಿಗೆ ಬಂತು. ಅವಳ ತಲೆಯಲ್ಲಿದ್ದದ್ದು ಮೈಮೇಲಿನ ವಾಸನೆಯಲ್ಲ, ಬಟ್ಟೆಯಲ್ಲಿ ಕೂತು ಹಳೆಯದಾದ ವಾಸನೆ. ಭಾವನ ರೇಷ್ಮೆ ಜುಬ್ಬಕ್ಕೂ ಹಿಂದಿನ ದಿನವೇ ಹೊಡೆದಿಟ್ಟಿರಬೇಕು. ನಮ್ಮ ಮನೆಯಲ್ಲಿ ನನ್ನ ಬಟ್ಟೆ ಎಂದರೆ ಅಮ್ಮ ಬಾರ್ ಸೋಪಿನಲ್ಲಿ ಕುಕ್ಕಿ ತಾರಸಿಯ ಬಿಸಿಲಿಗೆ ಒಣಗಿಸಿದ್ದು. ಹಾಗಾದರೆ ಆ ದಿನ ನನ್ನ ಮೈಮೇಲೆ ಯಾವ ಬಟ್ಟೆಯಿತ್ತು? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ವಾದ ನೆನಪಿದೆ, ಬಟ್ಟೆ ಇಲ್ಲ. ಭಾನುವಾರ ಮತ್ತೆ ಮಲ್ಲೇಶ್ವರಕ್ಕೆ ಹೋಗಿ ಅಕ್ಕನನ್ನು ಕೇಳಿದೆ.

"ಅಯ್ಯೋ, ಮರೆತೇಬಿಟ್ಯಾ? ಇವರ ಕೋಟು ಕಣೋ!" ಅಕ್ಕ ಜೋರಾಗಿ ನಕ್ಕಳು. "ಹುಡುಗ ಲೆಕ್ಚರರು, ಬರೀ ಷರ್ಟಲ್ಲಿ ಹೆಣ್ಣು ನೋಡಕ್ಕೆ ಹೋದ್ರೆ ಏನಂದ್ಕೋತಾರೆ ಅಂತ ಅಮ್ಮ ಒಂದೇ ಹಠ. ನಿನ್ನ ಹತ್ರ ಕೋಟೆಲ್ಲಿತ್ತು? ನಮ್ಮ ಮದುವೆ ಕೋಟು ಟ್ರಂಕಿಂದ ತೆಗೆದ್ರೆ ಬರೀ ನುಸಿಗುಳಿಗೆ ನಾತ. ಇವರು ಹಿಂದಿನ ದಿನಾನೇ ಸೆಂಟು ಹೊಡೆದು ಹೊರಗೆ ನೇತು ಹಾಕಿದ್ರು."

ಒಳಗಿನಿಂದ ಭಾವನ ದನಿ ಬಂತು: "ಅರ್ಧ ಬಾಟ್ಲು ಖಾಲಿ ಮಾಡಿದೀನಿ ಕಣಯ್ಯ ನಿನಗೋಸ್ಕರ! ನೀನು ಅದರ ಮೇಲೆ ಉಪ್ಪಿಟ್ಟು ಚೆಲ್ಕೊಂಡು ಬಂದೆ."

"ಆಗಲೂ ಇದೇ ಸೆಂಟಾ ಭಾವ?"

"ಕಂಪನಿ ಯಾವ್ದೋ ಗೊತ್ತಿಲ್ಲ. ಮರದ್ದೇ. ನನಗೆ ಹೂವಿನ ಸೆಂಟು ಆಗಲ್ಲ. ಯಾಕೆ, ಈಗ್ಯಾಕೆ ಬಂತು ಕೋಟಿನ ಯೋಚನೆ?"

"ಸುಮ್ನೆ" ಎಂದೆ.

ಮೆಜೆಸ್ಟಿಕ್‌ನಲ್ಲಿ ಬಸ್ಸು ಬದಲಾಯಿಸುವ ಹೊತ್ತಿಗೆ ಕೋಟು ನೆನಪಾಗತೊಡಗಿತ್ತು. ಬೂದು ಬಣ್ಣ, ಉದ್ದ ತೋಳು, ಭುಜದಲ್ಲಿ ಸಡಿಲ. ಆದರೆ ಆ ನೆನಪಿನಲ್ಲಿ ನನ್ನ ಬೆನ್ನು ನನಗೇ ಕಾಣುತ್ತಿತ್ತು. ಯಾರಿಗೂ ತನ್ನ ಬೆನ್ನು ಕಂಡ ನೆನಪಿರಲು ಸಾಧ್ಯವಿಲ್ಲ. ಅಕ್ಕನ ಮಾತಿನಿಂದ ಆಗತಾನೆ ಹೊಲಿದುಕೊಂಡ ಕೋಟು ಅದು. ನಿಜವಾದ ಕೋಟು ಭಾವನದು, ಅದರ ನೆನಪು ಅಕ್ಕನದು, ವಾಸನೆ ಹೆಂಡತಿಯದು. ನನಗೆ ಉಳಿದದ್ದು ಜ್ಯೋತಿಷ್ಯದ ವಾದ. ಅದು ನಡೆದಿತ್ತೋ ಇಲ್ಲವೋ.

ಮೂರನೆಯವನೊಬ್ಬ ಇದ್ದಿದ್ದರೇ ಚೆನ್ನಾಗಿತ್ತು ಅನಿಸಿತು. ಅವನು ಎಲ್ಲೋ ದೂರ ಇರುತ್ತಿದ್ದ. ಭಾವ ಹಬ್ಬಕ್ಕೆ ಮನೆಗೆ ಬರುತ್ತಾರೆ, ಬಂದರೆ ನನ್ನ ಕುರ್ಚಿಯಲ್ಲೇ ಕೂರುತ್ತಾರೆ.

ಮನೆಗೆ ಬಂದಾಗ ಹೆಂಡತಿ ಹಾಲಿನಲ್ಲಿ ನೆಲದ ಮೇಲೆ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು. ಎದುರಿಗೆ ಕೂತು ನಾನೂ ಒಂದು ಹಿಡಿ ತೆಗೆದುಕೊಂಡೆ. ಅಕ್ಕ ಹೇಳಿದ್ದನ್ನೆಲ್ಲ ಹೇಳಿದೆ. ಉಪ್ಪಿಟ್ಟಿನ ವಿಷಯಕ್ಕೆ ಅವಳು ನಗುತ್ತಾಳೆಂದು ಕಾದೆ. ನಕ್ಕಳು, ಸ್ವಲ್ಪ ತಡವಾಗಿ.

"ಅಣ್ಣನ ಕೋಟಾ ಅದು? ತೋಳು ಬೆರಳ ತನಕ ಬಂದಿತ್ತು. ಈಗಿನ ಫ್ಯಾಷನ್ ಇರಬೇಕು ಅಂದ್ಕೊಂಡಿದ್ದೆ."

"ನಾನು ನಿಮ್ಮಪ್ಪನ ಜೊತೆ ವಾದ ಮಾಡಿದ್ದು?"

"ಯಾವ ವಾದ?"

ಸಿಪ್ಪೆ ಬಿಟ್ಟ ಕಾಳು ಕೈಯಿಂದ ಜಾರಿ ಸೋಫಾದ ಕೆಳಗೆ ಹೋಯಿತು. ಕೇಳಬಾರದು ಎಂದುಕೊಂಡೇ ಕೇಳಿದೆ.

"ಕೋಟು ಹಾಕ್ಕೊಳ್ದೇ ಬಂದಿದ್ರೆ ಒಪ್ತಿದ್ಯಾ?"

ತಕ್ಷಣ ಒಂದು ಸುಳ್ಳು ಹೇಳುತ್ತಾಳೆ ಎಂದುಕೊಂಡಿದ್ದೆ. ಅವಳು ಕೈ ನಿಲ್ಲಿಸಿ ನಿಜವಾಗಿಯೂ ಯೋಚಿಸಿದಳು.

"ಗೊತ್ತಿಲ್ಲ ರೀ. ಅವತ್ತು ನಿಮ್ಮ ಮುಖಾನೇ ನಾನು ಸರಿಯಾಗಿ ನೋಡಿರ್ಲಿಲ್ಲ. ತಲೆ ಬಗ್ಗಿಸಿ ಕಾಫಿ ಕೊಟ್ಟೆ, ಅಷ್ಟೇ."

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ, ಅದೇ ಬುದ್ಧಿಯ ಲಕ್ಷಣ ಎಂದು ತರಗತಿಯಲ್ಲಿ ಹೇಳುತ್ತಾ ಬಂದಿದ್ದೇನೆ. ಆ ಸಂಜೆ ಆ ಮಾತು ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಕಾಳಿನ ಪಾತ್ರೆ ಅವಳ ಕಡೆ ತಳ್ಳಿ ಎದ್ದೆ.

"ಎಲ್ಲಿಗೆ? ಇನ್ನೂ ಇಷ್ಟೊಂದಿದೆ."

"ಕೈ ನೋಯ್ತಿದೆ."

"ಹೊಟ್ಟೆ ಉರೀತಿದೆ ಅನ್ನಿ" ಎಂದು ಅವಳು ಹಿತುಕುವುದನ್ನು ಮುಂದುವರಿಸಿದಳು. "ಅಣ್ಣನ ಮೇಲೆ! ಯಾರಾದ್ರೂ ಕೇಳಿದ್ರೆ ನಗ್ತಾರೆ."

ಸಂಕ್ರಾಂತಿಯ ದಿನ ಅಕ್ಕನ ಮನೆಯಲ್ಲಿ ಊಟ. ಅದಕ್ಕೆ ಹಿಂದಿನ ಸಂಜೆಯೇ ನನ್ನ ಬಿಳಿ ಷರ್ಟಿಗೆ ದೇವದಾರು ಹೊಡೆದು ಕಿಟಕಿಯ ಹತ್ತಿರ ನೇತುಹಾಕಿದ್ದೆ. ಬೆಳಿಗ್ಗೆ ತೊಟ್ಟು ಬಂದಾಗ ಎಳ್ಳು ಬೀರುವ ಡಬ್ಬಿಗಳನ್ನು ಚೀಲಕ್ಕೆ ಹಾಕುತ್ತಿದ್ದವಳು ತಲೆ ಎತ್ತಿದಳು. ಒಂದು ಉಸಿರು ಎಳೆದುಕೊಂಡಳು. ಆ ಉಸಿರು ಯಾರ ಕಡೆಗೆ ಹೋಯಿತೆಂದು ನಾನು ಅವಳ ಕಣ್ಣಲ್ಲಿ ಹುಡುಕಿದೆ.

"ಇವತ್ತು ಬೇಡ ರೀ, ಬೇರೆ ಷರ್ಟು ಹಾಕ್ಕೊಳಿ. ಅಲ್ಲಿ ಇಬ್ಬರ ಹತ್ರಾನೂ ಒಂದೇ ವಾಸನೆ ಬಂದ್ರೆ ಅತ್ತಿಗೆ ಸುಮ್ನೆ ಬಿಡಲ್ಲ."

"ಅವರೇ ಬೇರೆ ಹಾಕ್ಕೊಳ್ಳಲಿ" ಎಂದು ಚಪ್ಪಲಿ ಮೆಟ್ಟಿ ಆಟೋ ಹಿಡಿಯಲು ಹೊರಟೆ.