ಮಗ್ಗುಲು ಬದಲಿಸುವ ಕೈ

ಬೆಳಕು ಇನ್ನೂ ಕಿಟಕಿಯ ಗಾಜಿನಲ್ಲೇ ನಿಂತಿದೆ. ಹಾಸಿಗೆ ಹಿಡಿದವರ ಆರೈಕೆಮನೆಯ ಉದ್ದನೆಯ ಕೋಣೆಯಲ್ಲಿ ಅವಳು ಮೊದಲು ಬಿಸಿನೀರಿನ ಬಕೆಟ್ಟಿಗೆ ಕೈ ಅದ್ದುತ್ತಾಳೆ. ತೊಳೆಯಲಿಕ್ಕಲ್ಲ, ಕಾಯಿಸಿಕೊಳ್ಳಲಿಕ್ಕೆ. "ನಿದ್ದೆಯಲ್ಲಿರೋರಿಗೆ ತಣ್ಣನೆ ಕೈ ತಾಗಿದ್ರೆ ಬೆಚ್ಚಿಬೀಳ್ತಾರೆ ಅಮ್ಮಾ" ಎನ್ನುತ್ತಾಳೆ, ಅವಳ ಕೆಲಸ ನೋಡಲು ಬಂದಿರುವ ನನಗೆ. ಇದನ್ನು ಯಾರೂ ಅವಳಿಗೆ ಕಲಿಸಿಲ್ಲ.

ಇಲ್ಲಿ ಎಲ್ಲರಿಗೂ ಅವಳು ಮಗ್ಗುಲಕ್ಕ. ತಾವಾಗಿ ಹೊರಳಲಾಗದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸುವುದು ಅವಳ ಕೆಲಸ. ಒಂದೇ ಬದಿಗೆ ಬಿಟ್ಟರೆ ಮೂಳೆ ಒತ್ತಿದಲ್ಲಿ ಚರ್ಮ ಕೆಂಪಾಗುತ್ತದೆ, ಆಮೇಲೆ ಕಪ್ಪು, ಆಮೇಲೆ ಹುಣ್ಣು. ಹದಿನಾಲ್ಕು ಹಾಸಿಗೆಗಳು. ಕೊನೆಯದನ್ನು ಮುಗಿಸಿ ಉಸಿರು ಬಿಡುವಷ್ಟರಲ್ಲಿ ಮೊದಲನೆಯದರ ಸರದಿ. ಅವಳ ಸೊಂಟ ಎಂದೋ ಹೋಗಿದೆ. ಗಂಡ ತೀರಿಕೊಂಡದ್ದೂ ಇದೇ ಕೋಣೆಯಲ್ಲಿ. ಮರುವಾರವೇ ಅದೇ ಮಂಚದಲ್ಲಿ ಬೇರೊಬ್ಬರನ್ನು ಹೊರಳಿಸಿದಳು.

ಕಿಟಕಿ ಪಕ್ಕದ ಮಂಚದಲ್ಲಿರುವವರು ಅವಳ ಕ್ರೈಸ್ತ ಸಭೆಯ ಹಳೆಯ ಬೋಧಕರು, ಹರೆಯದಲ್ಲಿ ಅವಳಿಗೆ ದೀಕ್ಷಾಸ್ನಾನ ಕೊಟ್ಟವರು. "ನಂಬಿದೆ ಅಂತ ಕೈಕಟ್ಟಿ ಕೂರಬೇಡ. ನಂಬಿಕೆಗೆ ತಾಳ್ಮೆ ಸೇರಿಸು, ತಾಳ್ಮೆಗೆ ಪ್ರೀತಿ ಸೇರಿಸು. ಆಗ ರಕ್ಷಣೆಯ ಬಗ್ಗೆ ಅನುಮಾನ ಹತ್ತಿರ ಸುಳಿಯಲ್ಲ" ಎಂದು ಕಲಿಸಿದವರು. ಈಗ ಅನುಮಾನ ಅವರ ಹಾಸಿಗೆಯಲ್ಲೇ ಮಲಗಿದೆ. ಸೊಂಟದ ಹುಣ್ಣು ಮಾಯುವುದಿಲ್ಲವೆಂದು ವೈದ್ಯರು ಹೇಳಿಯಾಗಿದೆ. ಹೊರಳಿಸುವಾಗೆಲ್ಲ ಅದೇ ಪ್ರಶ್ನೆ: "ಯೇಸು ನನ್ನ ಸೇರಿಸಿಕೊಳ್ತಾನೇನಮ್ಮಾ?"

"ಸೇರಿಸಿಕೊಳ್ತಾನೆ ಅಯ್ಯನೋರೇ. ನೀವೇ ಹೇಳಿಕೊಟ್ಟಿದ್ದು. ಕಂಬಿ ಹಿಡ್ಕೊಳ್ಳಿ."

ಅವರ ಬಲಗೈಯಲ್ಲಿ ಇನ್ನೂ ಕಸುವಿದೆ. ಮಂಚದ ಕಂಬಿ ಹಿಡಿದರೆ ಅವಳ ಸೊಂಟದ ಮೇಲಿನ ಭಾರ ಅರ್ಧ ಕಡಿಮೆಯಾಗುತ್ತದೆ. ಅವರು ಹಿಡಿಯುವುದಿಲ್ಲ. "ಹಿಡಿದು ಏನಾಗಬೇಕಿದೆ?" ಎಂದು ಮುಖ ತಿರುಗಿಸುತ್ತಾರೆ.

"ಬೆಳಿಗ್ಗೆ ಹೇಳಿದ ಧೈರ್ಯ ಮಧ್ಯಾಹ್ನಕ್ಕೆ ಹಳಸಿರುತ್ತೆ, ಮತ್ತೆ ಹೇಳ್ತೀನಿ" ಎನ್ನುತ್ತಾಳೆ ಮಗ್ಗುಲಕ್ಕ, ನನ್ನನ್ನು ಬದಿಗೆ ಕರೆದು. "ಆದ್ರೆ ನನಗೆ ದಾರಿ ತೋರಿಸಿದೋರೇ ಹೀಗೆ ನಡುಗಿದ್ರೆ ನನ್ನ ಗತಿ ಏನಮ್ಮಾ? ಒಂದೊಂದ್ಸಲ 'ಸೇರಿಸಿಕೊಳ್ತಾನೆ' ಅನ್ನೋ ಮಾತು ನನ್ನ ಬಾಯಲ್ಲೇ ಒಣಗಿಹೋಗುತ್ತೆ."

ಕಸ ಗುಡಿಸುವಾಕೆ ಅಣಕಿಸುತ್ತಾಳೆ: "ಏನಕ್ಕಾ, ಸ್ವರ್ಗದಲ್ಲಿ ಸೀಟು ಗಟ್ಟಿ ಆಯ್ತಾ?"

"ಆಯ್ತು ಕಣೇ. ನಿನ್ನ ಪಕ್ಕದ್ದೇ ಕೊಟ್ಟಿದ್ದಾರೆ, ಅದೇ ಚಿಂತೆ."

ಬೋಧಕರು ನಗುವುದಿಲ್ಲ.

ಮತ್ತೆ ಸರದಿ ಬರುತ್ತದೆ. ಅವಳು ಕೈ ಕಾಯಿಸಿಕೊಂಡು ಬರುತ್ತಾಳೆ. ಈ ಸಲ ಪ್ರಶ್ನೆ ಬೇರೆ: "ನಿನಗೆ ಭಯ ಇಲ್ವಾ?"

ಅವಳು ಸೊಂಟಕ್ಕೆ ಕೈ ಕೊಟ್ಟು ನಿಲ್ಲುತ್ತಾಳೆ. "ಇದೆ ಅಯ್ಯನೋರೇ. ನಿಮ್ಮನ್ನ ನೋಡಿದ್ಮೇಲೆ ಜಾಸ್ತೀನೇ ಆಗಿದೆ. ಆದ್ರೂ ಪ್ರಾರ್ಥನೆ ಬಿಟ್ಟಿಲ್ಲ, ನಿಮ್ಮನ್ನ ಹೊರಳಿಸೋದೂ ಬಿಟ್ಟಿಲ್ಲ. ನಂಬಿಕೆಗೆ ತಾಳ್ಮೆ ಸೇರಿಸು ಅಂದ್ರಲ್ಲ, ಸೇರಿಸ್ತಾ ಇದೀನಿ. ಇನ್ನೇನು ಮಾಡ್ಲಿ?"

ಅವಳು ಅವರ ಬೆನ್ನಿನಡಿ ಕೈ ತೂರಿಸುತ್ತಾಳೆ. ಆಗ ಹೊದಿಕೆಯೊಳಗಿಂದ ಬಲಗೈ ಹೊರಬಂದು, ತಡವರಿಸಿ, ಕಂಬಿ ಹಿಡಿಯುತ್ತದೆ. ನೋವಿಗೆ ಹಲ್ಲು ಕಚ್ಚಿ ಅವರೂ ಎಳೆಯುತ್ತಾರೆ.

ನನ್ನನ್ನು ಕಳಿಸಿಕೊಡಲು ಬಾಗಿಲವರೆಗೆ ಬಂದವಳನ್ನು, ನಿನಗೇನು ಆಸೆ ಎಂದು ಕೇಳುತ್ತೇನೆ. "ಅಯ್ಯನೋರು ಕಣ್ಣು ಮುಚ್ಚೋ ಹೊತ್ತಿಗೆ ನನ್ನ ಪಾಳಿ ಇರ್ಲಿ, ಅಷ್ಟೇ." ಆಮೇಲೆ ಒಳಗೊಮ್ಮೆ ತಿರುಗಿ ನೋಡಿ ದನಿ ತಗ್ಗಿಸುತ್ತಾಳೆ. "ಅವರಿಗೆ ಧೈರ್ಯ ಬಂತೋ ಇಲ್ವೋ ಗೊತ್ತಾಗಲ್ಲ ಅಮ್ಮಾ. ಕಂಬಿ ಅಂತೂ ಹಿಡಿದ್ರು."