ಅಣ್ಣನ ಪರವಾಗಿ ಯಾರು?

ಮರಕ್ಕಡವಿನ ತೋಟವೊಂದರಲ್ಲಿ ಕಾಳುಮೆಣಸು ಕೊಯ್ಯುವಾಗ ಏಣಿ ಮುರಿದು ನನ್ನ ಅಣ್ಣ ಬಿದ್ದ. ತಲೆಗೆ ಪೆಟ್ಟು. ಆಸ್ಪತ್ರೆಯಿಂದ ಮನೆಗೆ ತಂದಾಗ ಕಣ್ಣೇನೋ ತೆರೆದಿತ್ತು, ಆದರೆ ಮಾತಿರಲಿಲ್ಲ, ಯಾರ ಗುರುತೂ ಸಿಗುತ್ತಿರಲಿಲ್ಲ. ಮದುವೆಯಾಗದ ಅವನಿಗೆ ಇದ್ದವಳು ನಾನೊಬ್ಬಳೇ. ಗಂಡ ತೀರಿಕೊಂಡ ಮೇಲೆ ಪಯ್ಯಂಪಳ್ಳಿಯಲ್ಲಿ ಅವನ ಸ್ವಂತ ಜಾಗದ ಮನೆಯಲ್ಲೇ ಇದ್ದೆ.

ಒಂದು ದಿನ ತೋಟದ ಮೊದಲಾಳಿ, ಅಂದರೆ ಯಜಮಾನರು, ತಮ್ಮ ವಕೀಲರನ್ನು ಕರೆದುಕೊಂಡು ಬಂದರು. ಮೊದಲಾಳಿಯೂ ನಮ್ಮಂತೆ ಮೈಸೂರು ಕಡೆಯಿಂದ ಈ ಮಲಯಾಳ ಸೀಮೆಗೆ ಬಂದ ಮನೆತನದವರೇ, ಕನ್ನಡದಲ್ಲೇ ಮಾತಾಡಿದರು.

"ನೋಡು ತಂಗಿ, ಇವನ ಪರವಾಗಿ ಏನು ಮಾಡಬೇಕಾದ್ರೂ ಕೋಡತಿ, ಅಂದ್ರೆ ಕೋರ್ಟು, ಒಬ್ಬ ರಕ್ಷಕನ್ನ ಇಡಬೇಕು. ನಾನೇ ನಿಲ್ತೀನಿ. ನಿಂಗ್ಯಾಕೆ ಕೋರ್ಟಿನ ಓಡಾಟ? ಒಪ್ಪಿಗೆ ಅಂದ್ರೆ ಸಾಕು."

ಎಂಥ ದೊಡ್ಡ ಮನಸ್ಸು ಎಂದು ಬಂದು ನಿಂತಿದ್ದ ನೆರೆಹೊರೆಯವರು ಕೊಂಡಾಡಿದರು. ನಾನೂ ಕೈಮುಗಿಯುವವಳೇ ಇದ್ದೆ. ಸುಮ್ಮನೆ ಕೇಳಿದೆ: "ಏಣಿ ಮುರಿದದ್ದಕ್ಕೆ ಪರಿಹಾರ ಕೇಳ್ಬೇಕಲ್ಲ, ಅದನ್ನ ಯಾರು ಕೇಳೋದು?"

ವಕೀಲರು ಮಲಯಾಳದಲ್ಲಿ ‘ಅಕ್ಕ’ ಎಂದು ಕರೆದು ನಕ್ಕರು. "ಅದೆಲ್ಲ ಮೊದಲಾಳಿ ನೋಡ್ಕೊಳ್ತಾರೆ ಚೇಚಿ."

ಆ ನಗುವಿಗೆ ನನ್ನ ಮೈ ಉರಿದುಹೋಯಿತು. ಅಣ್ಣನ ಪರವಾಗಿ ಕೇಸು ಹಾಕಬೇಕಾದವರೂ ಈ ಮೊದಲಾಳಿಯೇ, ಆ ಕೇಸಿಗೆ ಉತ್ತರ ಕೊಡಬೇಕಾದವರೂ ಇವರೇ!

"ನನ್ನ ಒಪ್ಪಿಗೆ ಇಲ್ಲ," ಎಂದೆ.

"ಆಸ್ಪತ್ರೆ ಖರ್ಚು ಯಾರು ಕೊಟ್ಟಿದ್ದು ಅಂತ ನೆನಪಿರಲಿ," ಎಂದು ಮೊದಲಾಳಿ ಎದ್ದರು.

ಆದರೂ ಅವರು ಅರ್ಜಿ ಹಾಕಿದರು. ನಾನು ಓದು ಬಾರದವಳು, ನನ್ನಿಂದಾಗದು ಎಂದು ಅದರಲ್ಲಿ ಬರೆಸಿದ್ದರಂತೆ. ಉಚಿತ ಕಾನೂನು ನೆರವಿನ ವಕೀಲೆಯನ್ನು ಹಿಡಿದು ನಾನೂ ಅರ್ಜಿ ಹಾಕಿದೆ.

ವಿಚಾರಣೆಯ ದಿನ ನ್ಯಾಯಾಧೀಶೆ ಮೊದಲಾಳಿಯನ್ನು ಮಲಯಾಳದಲ್ಲಿ ಕೇಳಿದರು: "ಬಿದ್ದದ್ದು ನಿಮ್ಮ ತೋಟದಲ್ಲಿ. ನಾಳೆ ಬಿದ್ದವರಿಗಾಗಿ ನಿಮ್ಮ ಮೇಲೆಯೇ ಕೇಸು ಹಾಕಬೇಕಾದರೆ ಹಾಕುತ್ತೀರಾ?" ಮೊದಲಾಳಿ ವಕೀಲರ ಮುಖ ನೋಡಿದರು. ಆಮೇಲೆ ನ್ಯಾಯಾಧೀಶೆ ನನ್ನ ಕಡೆ ತಿರುಗಿದರು. "ಅಣ್ಣನ ಜಾಗ ಮುಂದೆ ನಿಮಗೇ ಬರುತ್ತದಲ್ಲವೇ?"

ನನಗೆ ತಡೆಯಲಾಗಲಿಲ್ಲ. "ದಿನಾ ಅವನ ಮೈ ಒರೆಸೋಳು ನಾನು ಮೇಡಂ. ನನ್ನನ್ನೂ ಅನುಮಾನಿಸ್ತೀರಾ?"

"ನಿಮ್ಮ ಅಣ್ಣ ಬಾಯಿ ಬಿಟ್ಟು ಹೇಳಲಾರರು. ಅದಕ್ಕೇ ಎಲ್ಲರನ್ನೂ ಕೇಳಬೇಕು," ಎಂದರು.

ಕೊನೆಗೆ ನನ್ನನ್ನೇ ರಕ್ಷಕಿಯನ್ನಾಗಿ ನೇಮಿಸಿದರು. ಆದರೆ ಕೋರ್ಟಿಗೆ ಹೇಳದೆ ಜಾಗ ಮಾರುವಂತಿಲ್ಲ, ವರ್ಷಕ್ಕೊಮ್ಮೆ ಲೆಕ್ಕ ಕೊಡಬೇಕು, ತಾಲ್ಲೂಕು ಕಚೇರಿಯವರು ಬಂದು ಅಣ್ಣನನ್ನು ನೋಡಿಹೋಗುತ್ತಾರೆ. ಮಾನಂದವಾಡಿಯ ಬಸ್ಸಿನಲ್ಲಿ ಕೂತಾಗಲೂ ನನಗೆ ಅವಮಾನ ಇಳಿದಿರಲಿಲ್ಲ. ಮನೆ ತಲುಪಿ ಅಣ್ಣನ ಪಕ್ಕ ಕೂತ ಮೇಲೆ, ನ್ಯಾಯಾಧೀಶೆ ನನ್ನನ್ನೂ ಕೇಳಿದ್ದು ಸರಿ ಅನ್ನಿಸಿತು. ಸಿಟ್ಟು ಬೇರೆ ಕಡೆ ತಿರುಗಿತು. ನಿಮ್ಮ ಮೇಲೆಯೇ ಕೇಸು ಹಾಕುತ್ತೀರಾ ಎಂಬ ಈ ಒಂದು ಪ್ರಶ್ನೆಯನ್ನು ಆಸ್ಪತ್ರೆಯಲ್ಲಾಗಲಿ ಪಂಚಾಯಿತಿಯಲ್ಲಾಗಲಿ ಬೀದಿಯಲ್ಲಾಗಲಿ ಒಬ್ಬರೂ ಮೊದಲಾಳಿಯನ್ನು ಕೇಳಿರಲಿಲ್ಲವಲ್ಲ! ದುಡ್ಡಿದ್ದವರ ದಯೆಗೆ ಪ್ರಶ್ನೆಯೇ ಇಲ್ಲವೇ?

ಪರಿಹಾರದ ಕೇಸನ್ನು ಅಣ್ಣನ ಹೆಸರಿನಲ್ಲಿ ನಾನೇ ಹಾಕಿದ್ದೇನೆ. ಅದಿನ್ನೂ ನಡೆಯುತ್ತಿದೆ. ಅಷ್ಟೆಲ್ಲ ಉಪಕಾರ ಮಾಡಿದವರನ್ನೇ ಕೋರ್ಟಿಗೆಳೆದಳು ಎಂದು ಈಗಲೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.