ಕೋಟಿನ ಮೇಲಿನ ಕಲೆ

೧೯೯೨ರ ಜನವರಿ, ಎರಡನೆಯ ರವಿವಾರ, ಮಧ್ಯಾಹ್ನ ಮೂರು ಗಂಟೆ. ಆಳಂದದ ನಮ್ಮ ಪಡಸಾಲೆಯಲ್ಲಿ ಹಾಜರಿದ್ದವರು ಮೂವರು: ನಾನು, ಅಫಜಲಪುರದಿಂದ ಬಂದಿದ್ದ ತಂಗಿ ನೀಲಾ, ಪಕ್ಕದ ಮನೆಯ ದರ್ಜಿ ಮಹಿಬೂಬಸಾಬರು. ಮೂವತ್ತು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಹಾಜರಿ ಕರೆದ ನಾಲಿಗೆ ನನ್ನದು. ಮನೆಯಲ್ಲಿಯೂ ತಲೆ ಎಣಿಸದೆ ಕೆಲಸ ಶುರುವಾಗುವುದಿಲ್ಲ.

ಕೆಲಸ ಇಷ್ಟೇ. ಹೋದ ವರ್ಷ ತೀರಿಕೊಂಡ ನೀಲಾಳ ಗಂಡನ ಉಣ್ಣೆಯ ಕೋಟನ್ನು ಕತ್ತರಿಸಿ ಅವಳ ಹಿರಿಯ ಅಳಿಯನಿಗೆ ಜಾಕೀಟು ಹೊಲಿಸುವುದು. ತೀರ್ಮಾನ ನನ್ನದು. ನೀಲಾ ತಲೆಯಾಡಿಸಿದ್ದಳು. ನನ್ನ ತೀರ್ಮಾನಗಳಿಗೆ ಅವಳು ಐದನೆಯ ವಯಸ್ಸಿನಿಂದಲೂ ತಲೆಯಾಡಿಸುತ್ತಲೇ ಬಂದಿದ್ದಾಳೆ. ಅದನ್ನು ನಾನು ಒಪ್ಪಿಗೆಯೆಂದೇ ತಿಳಿದಿದ್ದೆ.

ನಾನು ಒಳಗಿನಿಂದ ಕೋಟು ತರುವಷ್ಟರಲ್ಲಿ ನೀಲಾ ಟಿವಿ ಹಚ್ಚಿದ್ದಳು. ಪರದೇಶದ ದೊಡ್ಡ ವಸ್ತ್ರವಿನ್ಯಾಸಕನೊಬ್ಬನ ಬದುಕಿನ ಮೇಲೆ ಒಂದು ಸಾಕ್ಷ್ಯಚಿತ್ರ ನಡೆದಿತ್ತು. ಮಾತು ಇಂಗ್ಲಿಷಿನದು.

"ನಮ್ಮ ಜಾತ್ಯಾವನ ಅದಾನ್ರಿ, ಕತ್ತರಿ ಜಾತಿ," ಎಂದು ಮಹಿಬೂಬಸಾಬರು ಖುರ್ಚಿ ಮುಂದಕ್ಕೆಳೆದರು. "ಏನ ಹೇಳಾಕತ್ತಾರ ಸ್ವಲ್ಪ ತಿಳಿಸ್ರಿ, ಅಕ್ಕೋರ."

ಫ್ಯಾಷನ್ ನನಗೂ ಅಪರಿಚಿತ ಶಾಸ್ತ್ರವೇನಲ್ಲ. ಫೂಟ್‌ಪಟ್ಟಿ ಹಿಡಿದು ಲಂಗದ ಅಂಚು ಮೊಣಕಾಲಿನಿಂದ ಎಷ್ಟು ಕೆಳಗಿದೆ ಎಂದು ಅಳೆದವಳು ನಾನು. ಆ ಪುಣ್ಯಾತ್ಮ ಅಂಚನ್ನು ಮೇಲೇರಿಸಿ ಹೆಸರು ಮಾಡಿದ, ನಾನು ಕೆಳಗಿಳಿಸಿ ಹೆಸರು ಕೆಡಿಸಿಕೊಂಡೆ. ಆ ಅಧಿಕಾರದಿಂದಲೇ ಭಾಷಾಂತರಕ್ಕೆ ಇಳಿದೆ.

"ಇವನು ಮತ್ತು ಇವನ ಸ್ನೇಹಿತ ಸೇರಿ ಮನೆ ತುಂಬ ಕಲೆ ಸಂಗ್ರಹಿಸಿದ್ದರು."

"ಕಲಿ? ಏನಬೇ ಅಕ್ಕಾ," ನೀಲಾ ಕಣ್ಣರಳಿಸಿದಳು, "ನಾವು ನಿಂಬಿಹಣ್ಣ ಹಚ್ಚಿ ತಿಕ್ಕಿ ತಿಕ್ಕಿ ಸಾಯ್ತೀವಿ, ಇವರು ಕೂಡಿಸಿ ಇಟ್ಟಾರಾ?"

ಮಹಿಬೂಬಸಾಬರು ನಕ್ಕ ರಭಸಕ್ಕೆ ಅವರ ಕನ್ನಡಕ ಮೂಗಿನ ತುದಿಗೆ ಬಂತು. ತಪ್ಪು ನೀಲಾಳದಲ್ಲ. ಚಿತ್ರ ಬರೆಯುವ ಕೈಚಳಕಕ್ಕೂ ಅಂಗಿಗೆ ಬಿದ್ದ ಸಾರಿನ ಗುರುತಿಗೂ ನಮ್ಮ ಭಾಷೆ ಒಂದೇ ಮಾತು ಕೊಟ್ಟು ಕೈತೊಳೆದುಕೊಂಡಿದೆ. ಸಾಲದ್ದಕ್ಕೆ ಚಂದ್ರನ ಹದಿನಾರು ಭಾಗಗಳೂ ಕಲೆಗಳೇ. ಪಾಠ ಮಾಡುವಾಗ ಹುಡುಗಿಯರು ಇದನ್ನು ಕೇಳಿದರೆ "ಸಂದರ್ಭ ನೋಡಿ ತಿಳಿಯಿರಿ" ಎಂದು ಗದರಿ ಮುಂದೆ ಹೋಗುತ್ತಿದ್ದೆ. ಇಲ್ಲಿ ಹೋಗುವಂತಿರಲಿಲ್ಲ.

ಚಿತ್ರದಲ್ಲಿ ಆ ವಿನ್ಯಾಸಕ ಸತ್ತಿದ್ದ. ಉಳಿದ ಸ್ನೇಹಿತ ಎಲ್ಲವನ್ನೂ ಹರಾಜಿಗೆ ಇಟ್ಟಿದ್ದ. ಆಳುಗಳು ಗೋಡೆಯಿಂದ ಪಟಗಳನ್ನು ಇಳಿಸುತ್ತಿದ್ದರು. ಅವನು ಕೈಕಟ್ಟಿ ನಿಂತಿದ್ದ.

"ಸ್ನೇಹಿತ ಅಂದ್ಯಲ್ಲ," ನೀಲಾ ಮೆಲ್ಲಗೆ ಹೇಳಿದಳು. "ಗಂಡನ್ನ ಕಳಕೊಂಡಾಕಿ ನಿಂತಂಗ ನಿಂತಾನ."

ನನ್ನ ಭಾಷಾಂತರ ಅಷ್ಟು ನಿಖರವಾಗಿರಲಿಲ್ಲ. ಯಾಕೆ ಮಾರುತ್ತಿದ್ದೀರಿ ಎಂದು ಯಾರೋ ಅವನನ್ನು ಕೇಳಿದರು. ಅವನು ಬಾಯಿ ತೆರೆದ. ಕರೆಂಟು ಹೋಯಿತು.

"ನೋಡಿದ್ರ ನೆನಪ ಕಾಡ್ತದ, ಅದಕ್ಕ ಮಾರ್ಯಾನ," ಎಂದರು ಮಹಿಬೂಬಸಾಬರು. ಮನೆ ಚೊಕ್ಕಟವಾಗಿರಲೆಂದು ಇರಬೇಕು ಎಂದೆ ನಾನು. ನೀಲಾ ಮಾತ್ರ, "ಅವು ಇಬ್ಬರೂ ಕೂಡಿ ನೋಡೂ ಪಟ. ಒಬ್ಬನ ಏನ ನೋಡ್ತಾನ?" ಎಂದಳು. ಆಮೇಲೆ ಕೋಟನ್ನು ನನ್ನ ಮಡಿಲಿನಿಂದ ತನ್ನ ಮಡಿಲಿಗೆ ಎಳೆದುಕೊಂಡಳು.

"ಇದು ಹಂಗಲ್ಲ. ಇಲ್ಲಿ ನೋಡ್ರಿ, ಇದು ಅವರ ಜೇವರ್ಗಿ ಕಚೇರಿ ಶಾಯಿ. ಎಷ್ಟು ಬೈದಿದ್ದೆ. ಇದು ಮಗಳ ಮದಿವ್ಯಾಗ ಅರಿಷಿಣ ಕೈಲೆ ಆಕಿ ಹಿಡದದ್ದು." ತೋಳಿನ ಬಳಿ ಒಂದು ಕಂದು ಗುರುತಿನ ಮೇಲೆ ಬೆರಳು ನಿಂತಿತು. "ಇದು ಯಾವುದೋ ಗೊತ್ತಿಲ್ಲ. ಕೇಳಬೇಕು ಕೇಳಬೇಕು ಅಂತ ಉಳದೇ ಹೋತು."

ಮಹಿಬೂಬಸಾಬರು ಕಿವಿಯ ಮೇಲಿನ ಸೀಮೆಸುಣ್ಣ ತೆಗೆದು ಕಿಸೆಗೆ ಹಾಕಿಕೊಂಡರು.

"ಅಕ್ಕಾ, ಕತ್ತರಿ ಬ್ಯಾಡ."

ಅರವತ್ತು ವರ್ಷಗಳಲ್ಲಿ ನಾನು ಕೇಳಿದ ಅವಳ ಮೊದಲ ಬ್ಯಾಡ. ನಾನು ಕೋಟಿನ ಕಡೆ ಕೈಚಾಚಿದೆ. "ಮತ್ತ ಏನ ಮಾಡ್ತೀ ಬೇ? ಟ್ರಂಕಿನ್ಯಾಗ ಇಟ್ಟು ನುಸಿಗೆ ಹಾಕ್ತೀಯಾ?"

"ಹಾಕ್ಕೋತೇನಿ."

"ಸೀರಿ ಮ್ಯಾಲ ಗಂಡಸರ ಕೋಟ? ಬಸ್‌ಸ್ಟ್ಯಾಂಡಿನ ಮಂದಿ ನಗ್ತಾರ."

"ನಗಲಿ ಬಿಡು. ಚಳಿ ನನಗ ಹತ್ತೂದು, ಅವರಿಗಲ್ಲ."

ಮಹಿಬೂಬಸಾಬರು ಅಳತೆಯ ಟೇಪು ಬಿಚ್ಚಿದರು. "ತೋಳು ಕೊಯ್ಯಂಗಿಲ್ರಿ. ಒಳಗ ಮಡಚಿ ಟಾಕಿ ಹಾಕ್ತೇನಿ. ನಾಳಿ ಮನಸ್ಸು ಬದಲಾದ್ರ ಬಿಚ್ಚಲಾಕ ಬರ್ತದ."

"ಬದಲಾಗಂಗಿಲ್ಲ," ಎಂದಳು ನೀಲಾ. ನನ್ನ ಕಡೆ ನೋಡಿಯೇ ಎಂದಳು.

ಸಂಜೆ ನೀಲಾಳನ್ನು ಐದೂಮುಕ್ಕಾಲಿನ ಬಸ್ಸಿಗೆ ಕಳಿಸಲು ಹೋದೆ. ಕೋಟು ಹಾಕಿಕೊಂಡು, ಸೆರಗನ್ನು ತಲೆಗೆ ರುಮಾಲಿನಂತೆ ಬಿಗಿಯಾಗಿ ಸುತ್ತಿಕೊಂಡಿದ್ದಳು. ಹಿಂದಿನಿಂದ ಬಂದ ಕಂಡಕ್ಟರ್ "ಹತ್ರಿ ಸಾಹೇಬ್ರ, ಸೀಟ ಅದಾವ" ಎಂದ; ಅವಳು ತಿರುಗಿದಾಗ ನಾಲಿಗೆ ಕಚ್ಚಿಕೊಂಡ. ನೀಲಾ ಗಂಭೀರವಾಗಿ "ಹೂಂ" ಎಂದು ಹತ್ತಿ ಕಿಟಕಿಯ ಪಕ್ಕ ಕುಳಿತಳು. ಆ ಕೋಟು ಅವಳಿಗೆ ಒಪ್ಪಿತ್ತೆಂದು ಹೇಳಲಾರೆ. ಭುಜ ಜೋತುಬಿದ್ದಿತ್ತು, ಗುಂಡಿಗಳು ತಪ್ಪು ಬದಿಗಿದ್ದವು. ಆದರೂ ಬಸ್ಸು ತಿರುಗುವವರೆಗೆ ನೋಡುತ್ತ ನಿಂತೆ.

ಮನೆಗೆ ಬಂದು ಒಂದು ಕಾರ್ಡು ತೆಗೆದುಕೊಂಡೆ. ಜಾಕೀಟಿನ ಭರವಸೆ ಕೊಟ್ಟವಳು ನಾನು, ಅಳಿಯನಿಗೆ ತಿಳಿಸಬೇಕಾದವಳೂ ನಾನೇ. "ಚಿರಂಜೀವಿಗೆ ಆಶೀರ್ವಾದ. ಜಾಕೀಟು ಬರುವುದಿಲ್ಲ. ಕೋಟನ್ನು ನಿಮ್ಮ ಅತ್ತೆಯವರೇ ಹಾಕಿಕೊಂಡಿದ್ದಾರೆ." ಕಾರಣ ಬರೆಯಲು ಇನ್ನೂ ನಾಲ್ಕು ಸಾಲಿನ ಜಾಗವಿತ್ತು. ಅದನ್ನು ಹಾಗೆಯೇ ಬಿಟ್ಟು, ಏಳು ಗಂಟೆಗೆ ವಿಳಾಸ ಬರೆದು ಮುಗಿಸಿದೆ.